ಗಾಜಿನ ಮೇಲಿನ ಕುಂಕುಮ

“ಯಾರಿಟ್ರು ಇದನ್ನ? ಹೇಳೋ ತಂಕ ನಾನು ಏಳಲ್ಲ ಕಣ್ರೀ.”

ಸುಲೋಚನಮ್ಮ ಸಮುದಾಯ ಭವನದ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದರು. ಅವರ ತಲೆಯ ಮೇಲಕ್ಕೆ ಗೋಡೆಯಲ್ಲಿ ದೊಡ್ಡದೊಂದು ಗ್ರೂಪ್ ಫೋಟೋ. ಅದರಲ್ಲಿ ಕ್ಲಾಪ್ ಬೋರ್ಡ್ ಹಿಡಿದು, ಸ್ವೆಟರ್ ತೊಟ್ಟು, ಹಲ್ಲು ಬಿಟ್ಟುಕೊಂಡು ನಿಂತವನೇ ಅವರ ಗಂಡ ಕಲ್ಲೇಶಿ. ಗಾಜಿನ ಮೇಲೆ, ಅವನ ಹಣೆಗೆ ಸರಿಯಾಗಿ, ಒಂದು ಕುಂಕುಮದ ಬೊಟ್ಟು.

ಗಂಡನ ಮುಖ ನೋಡಲೆಂದು ಶಿವನಿಯಿಂದ ಬಸ್ಸಿನಲ್ಲಿ ಬಂದ ಹೆಂಗಸು, ಆ ಬೊಟ್ಟು ಕಂಡು ಕುಸಿದು ಕೂತು ಬಹಳ ಹೊತ್ತಾಗಿತ್ತು.

ಎಬ್ಬಿಸಲು ನೋಡಿ ನೋಡಿ ನನಗೂ ಸಾಕಾಗಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಬೆಳಿಗ್ಗೆಯಿಂದ ಬೂಟು ಬಿಚ್ಚಿರಲಿಲ್ಲ. ಮೆರವಣಿಗೆ, ಸನ್ಮಾನ, ಉದ್ಘಾಟನೆ, ಊರಿನಲ್ಲಿ ಏನೇ ನಡೆಯಲಿ, ಬಂದೋಬಸ್ತಿಗೆ ಎ.ಎಸ್.ಐ. ರುಬೀನಾ ಇದ್ದಾಳಲ್ಲ ಅಂತ ಅಜ್ಜಂಪುರ ಠಾಣೆಯಲ್ಲಿ ತೀರ್ಮಾನವಾಗಿ ಎಷ್ಟೋ ಕಾಲವಾಗಿದೆ. ಪೊಲೀಸ್ ಕೆಲಸಕ್ಕೆ ಸೇರುವಾಗ ಕಳ್ಳರನ್ನು ಹಿಡಿಯುತ್ತೇನೆ ಅಂದುಕೊಂಡಿದ್ದೆ. ಹಿಡಿದದ್ದು ಹೆಚ್ಚಾಗಿ ಶಾಮಿಯಾನದ ಹಗ್ಗ.

ಈ ಸಲದ ಬಂದೋಬಸ್ತು ಡೈರೆಕ್ಟರ್ ಶಿವನಿ ಓಂಕಾರಪ್ಪನವರದು. ಹೋದ ವರ್ಷ ತೀರಿಕೊಂಡರಲ್ಲ, ಅವರ ಬದುಕು, ಸಿನಿಮಾ ಎಲ್ಲ ಫೋಟೋಗಳಲ್ಲಿ ತೋರಿಸುವ ಪ್ರದರ್ಶನ. ಶಿವನಿ ಸ್ಟೇಷನ್ನಿನಲ್ಲಿ ಶೂಟಿಂಗ್, ಕಡೂರಿನ ಟೆಂಟಿನಲ್ಲಿ ಮೊದಲ ಆಟ, ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಕಂಬಳಿ ಹೊದ್ದ ಹೀರೋಯಿನ್. ಬೆಳಿಗ್ಗೆ ಉದ್ಘಾಟನೆ ಆಗಿತ್ತು. ಭಾಷಣಗಳು ಮುಗಿದು, ಉಪ್ಪಿಟ್ಟು ಖಾಲಿಯಾಗಿ, ಇನ್ನೇನು ಮನೆಗೆ ಹೋಗಬಹುದು ಅನ್ನುವಾಗ ಈ ಗ್ರಹಚಾರ.

ಎಲ್ಲ ಫೋಟೋಗಳನ್ನೂ ತೆಗೆದವರು ತರೀಕೆರೆಯ ಮಹಬೂಬ್ ಸಾಬ್. ಆ ಕಾಲದಲ್ಲಿ ಓಂಕಾರಪ್ಪನವರ ಕಂಪನಿಯ ಸ್ಟಿಲ್ ಫೋಟೋಗ್ರಾಫರ್. ಈಗ ಶಾಲು ಹೊದ್ದು, ಮೈಸೂರು ಪೇಟ ತೊಡೆಯ ಮೇಲಿಟ್ಟುಕೊಂಡು, ಫ್ಲಾಸ್ಕ್ ಪಕ್ಕಕ್ಕಿಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ನನ್ನ ಅಪ್ಪ.

ಬೆಳಿಗ್ಗೆ ಬೆಳಕು ಹರಿಯುವ ಮುಂಚೆಯೇ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತರೀಕೆರೆಯಿಂದ ಕರೆತಂದಿದ್ದೆ. ದಾರಿಯುದ್ದಕ್ಕೂ ಮೈಸೂರಿನ ಯಾರಿಗೋ ಫೋನು. ಅಪ್ಪನಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದೇ ಇಲ್ಲ. “ಮಲ್ಲಿಕಾ, ನೀನು ಬರ್ಬೇಕಿತ್ತು,” ಅಂತ ಇವರು. “ನಾನ್ ಬಂದ್ರೆ ಜನ ಹೆದ್ರಿ ಓಡ್ತಾರೆ ಸಾಬ್ರೆ,” ಅಂತ ಆ ಕಡೆ ಒಂದು ಮುದಿ ಹೆಂಗಸಿನ ನಗು. ಈ ವಯಸ್ಸಿನಲ್ಲಿ ಇವರಿಗೆ ಇಷ್ಟು ಹುರುಪು ಎಲ್ಲಿಂದ ಬರುತ್ತದೋ ಅಂತ ನನಗೆ ಹೊಟ್ಟೆ ಉರಿದಿತ್ತು.

“ಮೇಡಂ, ಸೈಡಿಗೆ ಬನ್ನಿ ಸ್ವಲ್ಪ.” ಓಂಕಾರಪ್ಪನವರ ಮಗ ದುಷ್ಯಂತ್ ಕೈಯಲ್ಲಿ ಟಿಶ್ಯೂ ಪೇಪರ್ ಹಿಡಿದು ಬಂದಿದ್ದ. “ಒರೆಸಿಬಿಡ್ತೀನಿ. ಸಂಜೆ ಟೀವಿಯವರು ಬರ್ತಾರೆ.”

“ಮುಟ್ಟಬೇಡಿ.”

“ಒಂದು ಬೊಟ್ಟು ಮೇಡಂ! ಇದಕ್ಕೆಲ್ಲ ಇಷ್ಟು ಡ್ರಾಮಾ ಬೇಕಾ?”

“ಟಿಶ್ಯೂ ಜೇಬಿಗೆ ಹಾಕ್ಕೊಳ್ಳಿ. ವೇಣು, ಈ ಫೋಟೋ ಹತ್ರ ನಿಂತ್ಕೋ. ಯಾರೂ ಕೈ ಹಾಕೋ ಹಾಗಿಲ್ಲ.”

ಕಾನ್‌ಸ್ಟೇಬಲ್ ವೇಣು ನಿಂತ. ದುಷ್ಯಂತ್ ಮುಖ ಗಂಟು ಹಾಕಿಕೊಂಡು, “ನಮ್ಮ ತಂದೆ ಹೆಸರಿಗೆ ಮಸಿ ಬಳಿಯೋಕೇ ಕಾಯ್ತಿರ್ತಾರೆ ಜನ,” ಅಂತ ಗೊಣಗುತ್ತಾ ಹೋದ. ಹುಡುಗನಿಗೆ ಕಲ್ಲೇಶಿ ಯಾರೆಂದೇ ಗೊತ್ತಿರಲಿಕ್ಕಿಲ್ಲ. ಆ ಫೋಟೋ ತೆಗೆದಾಗ ಅವನು ಹುಟ್ಟೇ ಇರಲಿಲ್ಲ.

ಒಂದು ಬೊಟ್ಟು ಅಂತೆ. ನಮ್ಮ ಮನೆಯ ಗೋಡೆಯಲ್ಲಿ ಒಂದೇ ಒಂದು ಫೋಟೋ ಇಲ್ಲ. ಅಪ್ಪ ಊರಿಗೆಲ್ಲ ಫೋಟೋ ತೆಗೆದರೂ ಮನೆಯಲ್ಲಿ ನೇತು ಹಾಕಲು ಅಮ್ಮ ಬಿಡಲಿಲ್ಲ. ಆದರೂ ಅಕ್ಕಪಕ್ಕದ ಮನೆಗಳಲ್ಲೇ ಆಡಿ ಬೆಳೆದವಳು ನಾನು. ಬದುಕಿರುವವರ ಫೋಟೋಗೆ ಯಾರೂ ಹಾರ ಹಾಕುವುದಿಲ್ಲ, ಹಣೆಗೆ ಕುಂಕುಮ ಇಡುವುದಿಲ್ಲ. ಚಿಕ್ಕವಳಿದ್ದಾಗ ಗೆಳತಿಯ ತಾತನ ಫೋಟೋಗೆ ಆಟಕ್ಕೆ ಬೊಟ್ಟಿಟ್ಟು, ಅವಳ ಅಜ್ಜಿಯಿಂದ ಬೆನ್ನಿಗೆ ಗುದ್ದು ತಿಂದಿದ್ದೆ. ತಾತ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ.

ಕನ್ನಡಕ ಹಾಕಿಕೊಂಡು ಫೋಟೋ ನೋಡಿದೆ. ಕುಂಕುಮ ಕಲ್ಲೇಶಿಗೆ ಮಾತ್ರ ಇರಲಿಲ್ಲ. ನಡುವೆ ಕೂತ ಓಂಕಾರಪ್ಪನವರಿಗಿತ್ತು, ಅಡುಗೆಯ ಅಂಜಿನಮ್ಮನಿಗಿತ್ತು, ಇನ್ನೂ ಕೆಲವರಿಗಿತ್ತು. ಬಹಳ ಮಂದಿಗೆ ಇರಲಿಲ್ಲ. ಎಲ್ಲ ಬೊಟ್ಟುಗಳೂ ಹಣೆಯ ನಡುವಿಗೇ, ಒಂದೇ ಬೆರಳಿನ ಗಾತ್ರ. ಯಾರೋ ಭಕ್ತಿಯಿಂದ, ನಿಧಾನವಾಗಿ ಇಟ್ಟಿದ್ದರು.

“ಅಬ್ಬಾ,” ಅಂತ ಅಪ್ಪನನ್ನು ಅಲುಗಿಸಿದೆ. “ಕುಂಕುಮ ಇರೋರೆಲ್ಲ ಹೋದವರೇನಾ?”

ಅಪ್ಪ ಕಣ್ಣು ಬಿಟ್ಟು ಫೋಟೋ ಕಡೆ ನೋಡಿದರು. ನೋಡುತ್ತಲೇ ಇದ್ದರು. “ಹೂಂ... ಎಲ್ಲ ಹೋದೋರೇ,” ಅಂದು ತಡೆದು, “ಕಲ್ಲೇಶಿ ವಿಚಾರ ನಂಗೇನ್ ಗೊತ್ತು,” ಅಂದರು. ಆಮೇಲೆ ಫ್ಲಾಸ್ಕ್ ಮುಚ್ಚಳ ತಿರುಗಿಸತೊಡಗಿದರು. ಅದು ತೆರೆಯಲಿಲ್ಲ. ನಾನೇ ತೆರೆದುಕೊಟ್ಟೆ.

ಸುಲೋಚನಮ್ಮನ ಪಕ್ಕದಲ್ಲಿ ನೆಲಕ್ಕೇ ಕೂತೆ. ಮೊಣಕಾಲು ಲಟಕ್ಕೆಂದಿತು.

“ಅಮ್ಮಾ, ಕಲ್ಲೇಶಪ್ಪನೋರು ಹೋಗಿದ್ದು ಯಾವಾಗ?”

“ಮದ್ವೆಯಾಗಿ ವರ್ಷ ತುಂಬಿರ್ಲಿಲ್ಲ. ಹೆಬ್ಬೆ ಫಾಲ್ಸ್ ಹತ್ರ ಶೂಟಿಂಗು ಅಂತ ಹೋದ್ರು. ಚಳಿ ಅಂತ ಆ ಸ್ವೆಟರ್ ನಾನೇ ಹೆಣೆದಿದ್ದು. ತೋಳು ಒಂದು ಉದ್ದ ಆಗಿತ್ತು, ನಗಾಡಿದ್ರು.” ಅವರು ಫೋಟೋ ಕಡೆ ನೋಡಲಿಲ್ಲ. “ಡೈರೆಕ್ಟ್ರ ಜೊತೆ ಜಗಳ ಆಡ್ಕೊಂಡು ಮದ್ರಾಸಿಗೆ ಹೋದ್ರು, ಶಿವನಿ ಸ್ಟೇಷನ್ನಲ್ಲಿ ನಾನೇ ರೈಲು ಹತ್ತಿಸಿ ಬಂದೆ ಅಂತ ನಮ್ಮಣ್ಣ ಹೇಳ್ದ.”

“ಅಣ್ಣ ಅಂದ್ರೆ?”

“ನಂಜುಂಡಪ್ಪ. ಈ ಫೋಟೋ ಕಮಿಟಿ ಅಧ್ಯಕ್ಷ. ಅವಾಗ ಕಂಪನೀಲಿ ಮ್ಯಾನೇಜರ್ ಆಗಿದ್ದ. ಇವರನ್ನ ಸಿನಿಮಾಕ್ಕೆ ಸೇರಿಸಿದ್ದೂ ಅವನೇ.”

“ಕಂಪ್ಲೇಂಟ್ ಕೊಡಲಿಲ್ವಾ?”

“ರೈಲು ಹತ್ತಿಸ್ದೋನು ಒಡಹುಟ್ಟಿದೋನು. ಯಾರ ಮೇಲೆ ಅಂತ ಕೊಡ್ಲಿ?” ಸೆರಗಿನಿಂದ ಮುಖ ಒರೆಸಿಕೊಂಡರು. “ದಿನಾ ಬೆಳಿಗ್ಗೆ ಎದ್ದು ಕುಂಕುಮ ಇಟ್ಕೋಬೇಕಾದ್ರೆ ಕೈ ತಡೀತದೆ ಕಣಮ್ಮ. ಇಟ್ರೆ ಸುಳ್ಳಾ, ಇಡ್ದೆ ಇದ್ರೆ ಪಾಪನಾ ಅಂತ. ಹೀಗೇ ತಲೆ ಬೆಳ್ಳಗಾಯ್ತು. ನಂಗೇನೂ ಬೇಡ. ಇದಾರೋ ಇಲ್ವೋ, ಅಷ್ಟು ಹೇಳ್ಬಿಡ್ಲಿ. ಬೊಟ್ಟಿಟ್ಟ ಕೈಗೆ ಅದು ಗೊತ್ತದೆ.”

ಅದು ನಿಜವಾಗಿತ್ತು. ಪೊಲೀಸ್ ಟ್ರೈನಿಂಗಿನಲ್ಲಿ ಕಲಿಸಿದ್ದನ್ನೆಲ್ಲ ಸೇರಿಸಿದರೂ ನಾನು ಅದಕ್ಕಿಂತ ಸರಿಯಾಗಿ ಹೇಳಲಾರೆ. ಬೊಟ್ಟಿಟ್ಟ ಕೈಗೆ ಗೊತ್ತಿತ್ತು.

ನಂಜುಂಡಪ್ಪನವರು ವೇದಿಕೆಯ ಹಿಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ದೊಡ್ಡ ತೆಂಗಿನ ತೋಟದ ಯಜಮಾನ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ್ದು ಅವರಿಗೆ ಹಿಡಿಸಲಿಲ್ಲ.

“ಏನಮ್ಮಾ, ನನ್ನನ್ನ ವಿಚಾರಣೆ ಮಾಡೋ ಮಟ್ಟಕ್ಕೆ ಬಂತಾ? ಡಿವೈಎಸ್ಪಿ ಸಾಹೇಬ್ರು ಈಗಷ್ಟೇ ಇಲ್ಲಿ ಕಾಫಿ ಕುಡ್ಕೊಂಡು ಹೋದ್ರು.”

“ಗೊತ್ತು ಸಾರ್. ಕಾಫಿ ತರಿಸಿದ್ದು ನಾನೇ. ಬೆಳಿಗ್ಗೆ ಫೋಟೋಗಳಿಗೆ ಪೂಜೆ ಮಾಡಿಸಿದ್ದು ಯಾರು?”

“ಕಮಿಟಿ. ಹೂವಿನ ಭಾಗಮ್ಮಂಗೆ ಹೇಳಿದ್ವಿ. ಹಾರ ಕಟ್ಕೊಂಡು ಬಂದು ಅವಳೇ ಎಲ್ಲ ಮಾಡಿದ್ಲು. ಅವಳದೇ ಎಡವಟ್ಟು. ಒರೆಸಿ ಹಾಕಿ, ಕತೆ ಮುಗೀತು.”

“ಭಾಗಮ್ಮ ಸಿನಿಮಾದವಳಲ್ಲ. ಯಾರು ಹೋಗಿದಾರೆ, ಯಾರು ಇದಾರೆ ಅಂತ ಅವಳಿಗೆ ಹೇಗೆ ಗೊತ್ತಾಗುತ್ತೆ? ಯಾರೋ ಪಕ್ಕದಲ್ಲಿ ನಿಂತು ತೋರಿಸಿದಾರೆ.”

“ತೋರ್ಸಿರ್ಬೋದು. ನಂಗೇನು ಗೊತ್ತು?”

“ಆ ಕಂಪನಿಯ ಜನರ ಮುಖ ಗುರುತಿರೋರು ಈ ಊರಲ್ಲಿ ಈಗ ನೀವೇ ಅಲ್ವಾ?”

ಅವರ ಕೈಯಲ್ಲಿದ್ದ ಕರವಸ್ತ್ರ ಕತ್ತಿನ ಹಿಂದೆ ಹೋಯಿತು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು.

“ನೋಡಮ್ಮಾ, ನಾನು ಬಾಯ್ಬಿಟ್ಟು ಹೇಳ್ತೀನಿ ಕೇಳು. ಕಲ್ಲೇಶಿ ನನ್ನ ತಂಗಿ ಗಂಡ. ಅವನು ಬಿಟ್ಟು ಹೋದ್ಮೇಲೆ ಅವಳ ಕಣ್ಣೀರು ಒರೆಸಿದ್ದು ಯಾರು? ಹೋಗಿ ಕೇಳು. ಈ ಸಲ ಗೌರಿ ಹಬ್ಬಕ್ಕೂ ಸೀರೆ, ಬಳೆ, ಮೊರದ ಬಾಗಿನ ಎಲ್ಲ ನಮ್ಮನೇಯಿಂದ್ಲೇ ಹೋಗಿದ್ದು. ಒಂದು ವರ್ಷಾನೂ ತಪ್ಪಿಸಿಲ್ಲ. ಅವನು ಇಲ್ಲ ಅಂತ ಗೊತ್ತಿದ್ರೆ ಮುತ್ತೈದೆ ಬಾಗಿನ ಕಳಿಸ್ತಿದ್ನಾ ನಾನು? ಹೊಟ್ಟೆಗೆ ಏನ್ ತಿಂತಿದೀನಿ ಅಂದ್ಕೊಂಡಿದೀಯ?”

ಮೇಜು ಗುದ್ದಿದರು. ಸನ್ಮಾನದ ನೆನಪಿನ ಕಾಣಿಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಇವರೇ ಅಂತ ಮನಸ್ಸು ಹೇಳುತ್ತಿತ್ತು. ಬಾಗಿನದ ಮಾತಿಗೆ ಎದುರು ಏನು ಹೇಳುವುದು? ಆದರೂ ಒಂದು ಪ್ರಯತ್ನ ಮಾಡೋಣವೆಂದು ಮೊಬೈಲಿನಲ್ಲಿ ಗ್ರೂಪ್ ಫೋಟೋ ತೆಗೆದು ಮುಂದಿಟ್ಟೆ. ಬೆಳಿಗ್ಗೆ ಪೂಜೆಗೆ ಮುಂಚೆ, ಅಪ್ಪನಿಗೆ ಇರಲಿ ಅಂತ ತೆಗೆದದ್ದು. ಕುಂಕುಮ ಇರಲಿಲ್ಲ.

“ಹಾಗಾದ್ರೆ ನೀವೇ ಹೇಳಿ ಸಾರ್. ಇದರಲ್ಲಿ ತೀರಿಕೊಂಡಿರೋರು ಯಾರ್ಯಾರು?”

ಬೇಡವೆನ್ನಲು ದಾರಿಯಿರಲಿಲ್ಲ. ಕನ್ನಡಕ ಏರಿಸಿ ಬಾಗಿದರು. “ಓಂಕಾರಪ್ಪನೋರು. ಅಡುಗೆ ಅಂಜಿನಮ್ಮ. ಈ ಲೈಟಿನೋನು ಕುಡ್ದು ಕುಡ್ದು ಹೋದ. ಇವನೂ ಹೋದ, ಹೀರೋಗೆ ಡೂಪ್ ಮಾಡ್ತಿದ್ದ. ಆಮೇಲೆ ಈ ಮೇಕಪ್ ಮಲ್ಲಿಕಾಂಬ, ಪಾಪ, ಕೊರೊನಾದಲ್ಲಿ ಹೋದ್ಲು.”

ಬೆರಳು ಕಲ್ಲೇಶಿಯ ಮುಖವನ್ನು ದಾಟಿ ಹೋಗಿತ್ತು. ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಆದರೆ ನನ್ನ ಗಮನ ಅಲ್ಲಿರಲಿಲ್ಲ. ಗೋಡೆಯ ಫೋಟೋದಲ್ಲಿ ಮಲ್ಲಿಕಾಂಬನ ಹಣೆಗೆ ಬೊಟ್ಟು ಕಂಡ ನೆನಪಿರಲಿಲ್ಲ.

“ಮಲ್ಲಿಕಾಂಬ ಹೋದ್ರಾ? ನಿಮಗೆ ಖಾತ್ರಿನಾ?”

“ಖಾತ್ರಿನಾ ಅಂದ್ರೆ? ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸ್ದೋನೇ ನಾನು. ಶಿವನಿ ಸರ್ಕಲ್ಲಲ್ಲಿ ಮಳೆಗೆ ಹರಿಯೋ ತಂಕ ಇತ್ತು.”

ಹೊರಗೆ ಬಂದು ಮತ್ತೆ ಗೋಡೆಯ ಫೋಟೋ ಮುಂದೆ ನಿಂತೆ. ಮೇಕಪ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡ ಮಲ್ಲಿಕಾಂಬನ ಹಣೆ ಖಾಲಿ. ಗಾಜು ಸ್ವಚ್ಛ.

ಭಾಗಮ್ಮನಿಗೆ ಮುಖಗಳನ್ನು ತೋರಿಸಿದವರು ನಂಜುಂಡಪ್ಪ ಆಗಿದ್ದರೆ ಅಲ್ಲೊಂದು ಬೊಟ್ಟು ಇರಲೇಬೇಕಿತ್ತು. ಅವರ ಮಟ್ಟಿಗೆ ಮಲ್ಲಿಕಾಂಬ ಸತ್ತಿದ್ದಾಳೆ. ಊರಿನ ಮಟ್ಟಿಗೂ ಸತ್ತಿದ್ದಾಳೆ. ತೋರಿಸಿದವರಿಗೆ ಮಾತ್ರ ಅವಳು ಬದುಕಿರುವುದು ಗೊತ್ತು.

ಮಲ್ಲಿಕಾ, ನೀನು ಬರ್ಬೇಕಿತ್ತು. ನಾನ್ ಬಂದ್ರೆ ಜನ ಹೆದ್ರಿ ಓಡ್ತಾರೆ ಸಾಬ್ರೆ.

ಸ್ಕೂಟರಿನ ಹಿಂದಿನ ಸೀಟಿನಿಂದ ನನ್ನ ಕಿವಿಯ ಪಕ್ಕದಲ್ಲೇ ಬಂದ ಮಾತದು. ದಿನವಿಡೀ ನನ್ನ ಹತ್ತಿರವೇ ಇತ್ತು. ಬೇರೆ ಯಾರದಾದರೂ ಮಾತಾಗಿದ್ದರೆ ಆಗಲೇ ಹೊಳೆದಿರುತ್ತಿತ್ತೇನೋ. ಮನೆಯವರ ಮಾತು ನಾವು ಕೇಳಿಸಿಕೊಳ್ಳುವುದೇ ಕಡಿಮೆ.

ಇರಲಿಕ್ಕಿಲ್ಲ, ಇರಲಿಕ್ಕಿಲ್ಲ ಅಂತ ಹೇಳಿಕೊಳ್ಳುತ್ತಾ ಭವನದ ಮೆಟ್ಟಿಲಿಗೆ ಹೋದೆ. ಭಾಗಮ್ಮ ಅಲ್ಲಿ ಉಳಿದ ಸೇವಂತಿಗೆ ಹಾರಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

“ಭಾಗಮ್ಮ, ಬೆಳಿಗ್ಗೆ ಗ್ರೂಪ್ ಫೋಟೋಗೆ ಕುಂಕುಮ ಇಟ್ಟಿದ್ದು ನೀನೇನಾ?”

“ನಾನೇ ಕಣ್ ಮೇಡಂ. ಬರೀ ಡೈರೆಕ್ಟ್ರಿಗೆ ಇಟ್ರೆ ಹೆಂಗೆ? ಪಾಪ, ಮಿಕ್ಕೋರೂ ಮನುಷ್ರೇ ಅಲ್ವಾ? ಇಟ್ಟಿದ್ದು ತಪ್ಪಾಯ್ತಾ?” ಅವಳ ಮುಖ ಚಿಕ್ಕದಾಯಿತು. “ಆ ಅಮ್ಮ ಯಾಕೆ ಅಂಗೆ ಕೂತವ್ರೆ? ನಂಗೂ ಹೊಟ್ಟೇಲಿ ಸಂಕ್ಟ ಆಯ್ತದೆ.”

“ನಿನ್ನದೇನೂ ತಪ್ಪಿಲ್ಲ. ಹೋದವರು ಯಾರು ಅಂತ ನಿನಗೆ ತೋರಿಸಿಕೊಟ್ಟೋರು ಯಾರು?”

“ಅಯ್ಯೋ, ಇದೊಳ್ಳೆ ಕತೆ! ನಿಮ್ಮಪ್ಪಾರೇ ಅಲ್ವಾ?” ಭಾಗಮ್ಮ ನಕ್ಕೇಬಿಟ್ಟಳು. “ಇಲ್ಲಿ ಹೋದೋರು ಯಾರ್ಯಾರು ಸಾಬ್ರೆ ಅಂದೆ. ಒಂದೊಂದೇ ಮುಖ ತೋರಿಸ್ಕೊಂಡು ಹೋದ್ರು. ಬಾಯೊಳ್ಗೆ ಏನೋ ಓದ್ಕೋತಾ ಇದ್ರು, ಕಣ್ಣಲ್ಲಿ ನೀರು. ದೇವ್ರಂಥ ಮನುಷ್ಯ. ಮೊದ್ಲು ತೋರಿಸಿದ್ದೇ ಆ ಸ್ವೆಟರ್ ಹುಡುಗನ್ನ.”

ಅವಳು ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು. ಬಿಸಿಲಿಗೆ ತಲೆ ಸುತ್ತಿರಬೇಕು ಅಂದುಕೊಂಡಳು. ಒಂದು ಹಾರದ ನೀರು ಕೊಡವಿ ನನ್ನ ಮುಖಕ್ಕೆ ಚಿಮುಕಿಸಿದಳು.

ಇಲ್ಲೇ ಎದ್ದು ಅಪ್ಪನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಮನೆಗೆ ಹೋಗಿಬಿಡಬಹುದು. ಸುಲೋಚನಮ್ಮ ಕತ್ತಲಾದ ಮೇಲೆ ತಾವೇ ಎದ್ದು ಹೋಗುತ್ತಾರೆ. ಕಡೇ ಬಸ್ಸು ತಪ್ಪಿಸಿಕೊಳ್ಳುವ ಹೆಂಗಸಲ್ಲ. ಭಾಗಮ್ಮ ನಾಳೆ ಇನ್ನೊಂದು ಸಮಾರಂಭಕ್ಕೆ ಹಾರ ಕಟ್ಟುತ್ತಾಳೆ. ಯಾರೂ ಕೇಳುವುದಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಇದಕ್ಕಿಂತ ದೊಡ್ಡ ದೊಡ್ಡ ಕೇಸುಗಳು ಇದಕ್ಕಿಂತ ಸುಲಭವಾಗಿ ಮುಚ್ಚಿಹೋದದ್ದನ್ನು ನೋಡಿದ್ದೇನೆ. ಹಾಗೆ ಯೋಚನೆ ಬಂತು, ಬಂದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಇಟ್ರೆ ಸುಳ್ಳಾ, ಇಡ್ದೆ ಇದ್ರೆ ಪಾಪನಾ ಅಂದಿದ್ದರು ಆಕೆ. ಎದ್ದು ಒಳಗೆ ಹೋದೆ.

ಜನ ಕರಗಿದ್ದರು. ಕಿಟಕಿಯಿಂದ ಇಳಿಬಿಸಿಲು ಫೋಟೋಗಳ ಮೇಲೆ ಬಿದ್ದು ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ ತಮ್ಮ ಕುರ್ಚಿಯನ್ನು ಸುಲೋಚನಮ್ಮನ ಪಕ್ಕಕ್ಕೆ ಎಳೆದುಕೊಂಡು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, “ಕುಡಿಯಮ್ಮ, ಬೆಳಿಗ್ಗೆಯಿಂದ ಏನೂ ಬಿದ್ದಿಲ್ಲ ಹೊಟ್ಟೆಗೆ,” ಅನ್ನುತ್ತಿದ್ದರು. ಸ್ವಲ್ಪ ಚಹಾ ಶಾಲಿನ ಮೇಲೆ ಚೆಲ್ಲಿತು. ಸುಲೋಚನಮ್ಮ ಮುಚ್ಚಳವನ್ನು ಇಸಿದುಕೊಂಡರು. ಕುಡಿಯಲಿಲ್ಲ.

“ಅಬ್ಬಾ, ಹೊರಗೆ ಬನ್ನಿ ಸ್ವಲ್ಪ.”

ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದರು. ಎಷ್ಟೋ ಸಾವಿರ ಮುಖಗಳಿಗೆ ‘ಸ್ವಲ್ಪ ಗದ್ದ ಎತ್ತಿ’ ಅಂತ ಹೇಳಿದವರು ಅವರು. ಮುಖದಲ್ಲಿ ಏನಿದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ಇಲ್ಲೇ ಕೇಳು ಬೇಟಾ.”

ಸುಲೋಚನಮ್ಮನಿಗೆ ತಿಳಿಯದಿರಲಿ ಅಂತ ನಮ್ಮ ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದೆ. ಭಾಗಮ್ಮನಿಗೆ ಮುಖ ತೋರಿಸಿದ್ದು ನೀವಾ? ಕಲ್ಲೇಶಿ ಸತ್ತಿರುವುದು ನಿಮಗೆ ಹೇಗೆ ಗೊತ್ತು? ಏನೂ ಹೇಳಬೇಡಿ, ಸುಮ್ಮನೆ ಎದ್ದು ನನ್ನ ಜೊತೆ ಬನ್ನಿ.

ಅಪ್ಪ ತಲೆಯಾಡಿಸಿದರು. “ನಕ್ಕೋ ಬೇಟಾ,” ಅಂದರು. ಬೇಡ ಮಗಳೇ. ಆಮೇಲೆ ಕನ್ನಡಕ್ಕೆ ಹೊರಳಿದರು. ಸುಲೋಚನಮ್ಮನಿಗೆ ಪೂರಾ ಅರ್ಥವಾಗಲಿ ಎಂಬಂತೆ ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡಿದರು.

“ನಾನೇ ತೋರ್ಸಿದ್ದು. ಹೋದೋರು ಯಾರು ಅಂತ ಆ ಹೂವಿನಮ್ಮ ಕೇಳಿದ್ಲು. ಬೊಟ್ಟಿಡ್ತಾಳೆ ಅನ್ನೋದೂ ತಲೇಲಿ ಇರಲಿಲ್ಲ. ಹೋದೋರು ಅಂದ್ರೆ ನಂಗೆ ಮೊದಲು ಬರೋ ಹೆಸರೇ ಕಲ್ಲೇಶಿ. ಪ್ರತಿ ಷಬ್-ಎ-ಬರಾತಿಗೆ ನಮ್ಮಲ್ಲಿ ತೀರ್ಕೊಂಡೋರಿಗೆ ದುವಾ ಓದೋವಾಗ ಅವನ ಹೆಸರಿಗೂ ಓದ್ತೀನಿ. ಬಾಯಿಗೆ ರೂಢಿಯಾಗಿಹೋಗಿದೆ. ಕೈ ತಾನಾಗೇ ಅವನ ಮುಖಕ್ಕೆ ಹೋಯ್ತು.”

“ಹೇಗೆ ಗೊತ್ತು ಅಬ್ಬಾ?” ಈ ಸಲ ನಾನೂ ಕನ್ನಡದಲ್ಲೇ ಕೇಳಿದೆ. ಇನ್ನು ಮುಚ್ಚಿಡಲು ಏನು ಉಳಿದಿತ್ತು?

“ಮಣ್ಣು ಕೊಟ್ಟೋನು ನಾನು.”

ವೇಣು ಬಾಯಿ ತೆರೆದುಕೊಂಡು ನಿಂತಿದ್ದ. ಯಾರೂ ಅಳಲಿಲ್ಲ. ಸುಲೋಚನಮ್ಮ ಚಹಾದ ಮುಚ್ಚಳವನ್ನು ನೆಲದ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡು, ಅಪ್ಪನ ಕಡೆ ತಿರುಗಿ ಕೂತರು. ಅವರು ಕೇಳಿದ ಪ್ರಶ್ನೆ ನಾನು ಅಂದುಕೊಂಡಿದ್ದಲ್ಲ. ಯಾರು ಕೊಂದರು, ಯಾಕೆ, ಎಲ್ಲಿ, ಯಾವುದೂ ಅಲ್ಲ.

“ಕೂರ್ಸಿದ್ರೋ, ಮಲಗ್ಸಿದ್ರೋ?”

ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು. ಹಾಗಾಗದೆ ಹೋಯಿತೇ ಅನ್ನುವುದೊಂದೇ ಆಕೆಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು. ಕಿಟಕಿ ಕಡೆ ಮುಖ ಮಾಡಿದೆ.

“ಕೂರ್ಸಿದ್ವಿ ಕಣಮ್ಮ,” ಅಂದರು ಅಪ್ಪ. “ನಂಗೆ ನಿಮ್ಮ ಪದ್ಧತಿ ಗೊತ್ತಿರಲಿಲ್ಲ. ಹೆಬ್ಬೆ ದಾರೀಲಿ, ಕಾಡೊಳಗೆ. ವಿಭೂತಿ ಹಚ್ಚಿ, ಕೈಗೆ ಲಿಂಗ ಕೊಟ್ಟು, ಎಲ್ಲಾ ಸರಿಯಾಗೇ ಆಯ್ತು. ನಾನು ಬರೀ ಗುಂಡಿ ತೋಡಿದ್ದು, ಮಣ್ಣು ಕೊಟ್ಟಿದ್ದು.”

“ವಿಭೂತಿ ಹಚ್ಚಿದ್ದು ಯಾರು?”

ಅಪ್ಪನ ಕಣ್ಣು ನಮ್ಮಿಬ್ಬರನ್ನೂ ದಾಟಿ ವೇದಿಕೆಯ ಬಾಗಿಲಿಗೆ ಹೋಯಿತು.

ನಂಜುಂಡಪ್ಪನವರು ಅಲ್ಲಿ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ದುಷ್ಯಂತನ ಟಿಶ್ಯೂ ಪೇಪರ್ ಅವರ ಕೈಯಲ್ಲಿತ್ತು. ಹಣೆಯ ಮೇಲೆ ಬೆವರಿಗೆ ವಿಭೂತಿ ಅರ್ಧ ಅಳಿಸಿಹೋಗಿತ್ತು.

“ಸಾಬ್ರೆ,” ಅಂದರು. ದನಿ ಮೇಜು ಗುದ್ದಿದ ಮನುಷ್ಯನದಾಗಿರಲಿಲ್ಲ. “ಖುರಾನ್ ಮುಟ್ಟಿ ಆಣೆ ಮಾಡಿದ್ರಿ ನೀವು.”

“ಮಾಡಿದ್ದೆ,” ಅಂದರು ಅಪ್ಪ. “ಅದಕ್ಕೇ ಇಷ್ಟು ವರ್ಷ ನಿದ್ದೆ ಇಲ್ಲ.”

“ಅವನು ಸತ್ತಿದ್ದು ಹೇಗೆ?” ಅಂತ ನಾನು ಕೇಳಿದೆ. ಯಾರನ್ನು ಕೇಳಿದೆನೋ ನನಗೇ ತಿಳಿಯದು.

“ಅದನ್ನ ಅವರ ಬಾಯಿಂದ್ಲೇ ಕೇಳು ಬೇಟಾ. ನನ್ನನ್ನ ಜೀಪಲ್ಲಿ ಕರ್ಕೊಂಡು ಹೋಗೋ ಹೊತ್ತಿಗೆ ಎಲ್ಲ ಮುಗಿದಿತ್ತು.”

ಸುಲೋಚನಮ್ಮ ಗೋಡೆ ಹಿಡಿದುಕೊಂಡು ಎದ್ದರು. ನಾನು ಕೈ ಕೊಡಲು ಹೋದೆ, ಬೇಡವೆಂದರು. ಅಣ್ಣನ ಎದುರಿಗೆ ಹೋಗಿ ನಿಂತರು. ಅವರ ಎರಡೂ ಕೈಗಳಲ್ಲಿ ಹೊಸ ಹಸಿರು ಬಳೆಗಳಿದ್ದವು. ಬೆಳಿಗ್ಗೆಯಿಂದ ಇದ್ದವು, ನಾನು ಈಗ ನೋಡಿದೆ.

“ಅಣ್ಣಯ್ಯ, ನಿನ್ನ ಕೈಯಾರ ನನ್ನ ಗಂಡನ್ನ ಮಣ್ಣಲ್ಲಿ ಕೂರಿಸಿ ಬಂದೆ. ಅಲ್ಲಿಂದೀಚೆಗೆ ವರ್ಷಾ ವರ್ಷಾ ಗೌರಿ ಬಾಗಿನ ಕಳಿಸ್ದೆಯಲ್ಲ, ಅದು ಯಾರಿಗಪ್ಪಾ?”

ನಂಜುಂಡಪ್ಪನವರ ಕೈಯಿಂದ ಟಿಶ್ಯೂ ಪೇಪರ್ ಜಾರಿ ಬಿತ್ತು.

ಸುಲೋಚನಮ್ಮ ಸ್ವಲ್ಪ ಹೊತ್ತು ಕಾದರು. ಅಷ್ಟು ವರ್ಷ ಕಾದವರಿಗೆ ಅದೇನು ದೊಡ್ಡದಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಖಾಕಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆ ದಿನ ಮೊದಲ ಸಲ ನನ್ನ ಬಟ್ಟೆ ನನಗೆ ಭಾರವಾಯಿತು.

“ಈಗ ಕಂಪ್ಲೇಂಟ್ ಕೊಡ್ತೀನಿ ಕಣಮ್ಮ. ಬರ್ಕೋ.”

“ಠಾಣೆಗೆ ಹೋಗೋಣಮ್ಮ, ಸಾಹೇಬ್ರು...”

“ಬೇಡ. ನೀನೇ ಬರ್ಕೋ. ನಾನು ನೋಡ್ಬೇಕು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನ್ನದೇ ದಣಿವಿನ ಹಾಗೆ ಕೇಳಿಸಿತು. “ನನ್ನ ಅಣ್ಣನ ಹೆಸರು ಬರಿ. ನಿನ್ನ ಅಪ್ಪನ ಹೆಸರೂ ಬರಿ.”

ವೇಣು ನನ್ನ ಮುಖ ನೋಡಿದ, ನೆಲ ನೋಡಿದ, ಜೇಬಿನಿಂದ ಪೆನ್ನು ತೆಗೆದು ನನ್ನ ಕಡೆ ಚಾಚಿದ.

ಅಪ್ಪ ಕುರ್ಚಿಯಿಂದ ಎದ್ದು, ಶಾಲು ಮಡಿಸಿ ಕುರ್ಚಿಯ ಮೇಲಿಟ್ಟರು. ಅದರ ಮೇಲೆ ಪೇಟ ಇಟ್ಟರು. “ಬರ್ಕೋ ಬೇಟಾ,” ಅಂದರು. “ಮೊದಲು ನನ್ನದೇ ಬರ್ಕೋ.”